ಎಕ್ಸ್‌ಪಿ ಕಾಲದ ಬ್ಯಾಕಪ್ಪಿನೊಳಗೆ ಅಂಟಿಗೆ-ಪಂಟಿಗೆ ಪದಗಳು

ಕಂಪ್ಯೂಟರ್: ಕೇಳಿ, ಹೇಳ್ತೀನಿ

ಈ ತಿಂಗಳು ಬಂದ ಕಾಗದಗಳಲ್ಲಿ ನಾಲ್ಕು ಒಂದೇ ಕಷ್ಟದವು. ಬ್ಯಾಕಪ್ ಇದೆ, ಆದರೆ ಬಿಚ್ಚಲು ಬರುತ್ತಿಲ್ಲ. ಸಾಗರದಿಂದ ಬಂದ ಮೊದಲನೆಯ ಕಾಗದವನ್ನು ಮೂರು ಸಲ ಓದಿದೆ. ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ, ಉಳಿದವರು ಕ್ಷಮಿಸಬೇಕು.

ಪ್ರಶ್ನೆ: ನಮ್ಮ ಯಜಮಾನರು ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ದೀಪಾವಳಿ ಬಂತೆಂದರೆ ದೀಪ ಹಿಡಿದು ಹಾಡುವ ಅಂಟಿಗೆ-ಪಂಟಿಗೆಯವರ ಜೊತೆ ರಾತ್ರಿಯಿಡೀ ಮನೆಮನೆ ತಿರುಗಿ ಪದಗಳನ್ನು ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದರು. ಆಮೇಲೆ ತಿಂಗಳುಗಟ್ಟಲೆ ಕೂತು ಅದನ್ನೆಲ್ಲ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದರು. 2004ರಿಂದ 2011ರವರೆಗಿನ ಕೆಲಸ. 2012ರಲ್ಲಿ ಹಾರ್ಡ್ ಡಿಸ್ಕ್ ಹೋಯಿತು. ಹೊಸದು ಹಾಕಿಸಿ ಮತ್ತೆ ವಿಂಡೋಸ್ ಎಕ್ಸ್‌ಪಿಯನ್ನೇ ಹಾಕಿಸಿಕೊಂಡು ಬಂದರು. ‘ಬ್ಯಾಕಪ್ ಇದೆ, ಆಮೇಲೆ ತೆಗೆದರಾಯ್ತು’ ಅಂದರು. ಅಷ್ಟರಲ್ಲಿ ಆರೋಗ್ಯ ಕೆಟ್ಟಿತು, ತೆಗೆಯಲಾಗಲೇ ಇಲ್ಲ. ಅವರು ಹೋಗಿ ಮೂರು ವರ್ಷವಾಯಿತು. ಹೊರಗಿನಿಂದ ಸಿಕ್ಕಿಸುವ ಡಿಸ್ಕಿನಲ್ಲಿ ‘ಬ್ಯಾಕಪ್ ಡಾಟ್ ಬಿಕೆಎಫ್’ ಅನ್ನುವ ಒಂದೇ ಫೈಲ್ ಇದೆ, 11 ಜಿಬಿ. ನನ್ನ ತಂಗಿ ಮಗ ಅವನ ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ಒತ್ತಿದರೆ ‘ಯಾವುದರಲ್ಲಿ ತೆರೆಯಲಿ’ ಅಂತ ಕೇಳುತ್ತದೆ. 32 ಜಿಬಿ ಪೆನ್‌ಡ್ರೈವಿಗೆ ಹಾಕಲು ಹೋದರೆ ಫೈಲ್ ತುಂಬಾ ದೊಡ್ಡದು ಅನ್ನುತ್ತದೆ, ಅದು ಖಾಲಿಯೇ ಇದ್ದರೂ! ನೆಟ್ಟಿನಿಂದ ಇಳಿಸಿದ ಒಂದು ಸಾಫ್ಟ್‌ವೇರ್ ಹೆಸರುಗಳ ಪಟ್ಟಿ ತೋರಿಸಿತು, ಫೈಲ್ ಬೇಕಾದರೆ ದುಡ್ಡು ಕಟ್ಟಿ ಅಂದಿತು. ಹಳೆ ಕಂಪ್ಯೂಟರ್ ಇನ್ನೂ ಹೊತ್ತಿಕೊಳ್ಳುತ್ತದೆ. ಅದರಲ್ಲಿ ‘ಹೋಮ್ ಎಡಿಷನ್’ ಎಂದು ಬರೆದಿದೆ. ಆದರೆ ಅದರಲ್ಲೂ ಬ್ಯಾಕಪ್ ಅನ್ನುವ ಪ್ರೋಗ್ರಾಮೇ ಕಾಣುತ್ತಿಲ್ಲ. ಎಕ್ಸ್‌ಪಿ ಸಿಡಿ ಕವರಿನಲ್ಲಿ ಜೋಪಾನವಾಗಿದೆ. ಏನು ಮಾಡಲಿ?
— ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಅಮ್ಮಾ, ಮೊದಲು ಒಂದು ಕೆಲಸ ಮಾಡಿ. ಆ ಡಿಸ್ಕನ್ನು ಇನ್ನು ಯಾವ ಸಾಫ್ಟ್‌ವೇರಿನ ಬಾಯಿಗೂ ಕೊಡಬೇಡಿ. ನಿಮ್ಮ ತಂಗಿ ಮಗನ ಲ್ಯಾಪ್‌ಟಾಪಿಗೆ ಆ 11 ಜಿಬಿ ಫೈಲನ್ನು ಸುಮ್ಮನೆ ಕಾಪಿ ಮಾಡಿಸಿ. ಇನ್ನೊಂದು ಕಾಪಿಯನ್ನು ಬೇರೆ ಡಿಸ್ಕಿಗೆ ಹಾಕಿಸಿ. ಆಮೇಲೆ ಮೂಲದ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಿ. ಇನ್ನು ಮುಂದಿನ ಪ್ರಯೋಗವೆಲ್ಲ ಕಾಪಿಯ ಮೇಲೆ. ಕಾಪಿ ಆಗುವಾಗ ಡಿಸ್ಕಿನೊಳಗಿಂದ ಟಕ್ ಟಕ್ ಅಂತ ಒಂದೇ ಸಮ ಸದ್ದು ಬಂದರೆ ತಕ್ಷಣ ನಿಲ್ಲಿಸಿ ನನಗೆ ಬರೆಯಿರಿ. ಆಗ ದಾರಿಯೇ ಬೇರೆ.

ಪೆನ್‌ಡ್ರೈವ್ ಹಾಗೆ ಹೇಳಿದ್ದಕ್ಕೆ ಕಾರಣವಿದೆ. ಅಂಗಡಿಯಿಂದ ಬರುವ 32 ಜಿಬಿವರೆಗಿನ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಅನ್ನುವ ಪದ್ಧತಿಯಲ್ಲಿರುತ್ತವೆ. ಆ ಪದ್ಧತಿಯಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ, ಜಾಗ ಎಷ್ಟೇ ಇರಲಿ. ಪೆನ್‌ಡ್ರೈವಿನಲ್ಲಿ ಬೇರೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಆ ಮಿತಿಯಿಲ್ಲದ ಎನ್‌ಟಿಎಫ್‌ಎಸ್ ಪದ್ಧತಿಗೆ ಫಾರ್ಮ್ಯಾಟ್ ಹೊಡೆಯಲಿ. ಹಳೆ ಎಕ್ಸ್‌ಪಿಯೂ ಅದನ್ನು ಓದುತ್ತದೆ.

ಆ ಸಾಫ್ಟ್‌ವೇರ್ ಪಟ್ಟಿ ತೋರಿಸಿತು ಎಂದು ಬರೆದಿದ್ದೀರಿ. ಅದನ್ನು ಓದಿ ನನಗೆ ಸಮಾಧಾನವಾಯಿತು. ಫೈಲು ಪೂರ್ತಿ ಹಾಳಾಗಿದ್ದರೆ ಹೆಸರುಗಳು ಕಾಣುತ್ತಿರಲಿಲ್ಲ. ದುಡ್ಡು ಕಟ್ಟಬೇಡಿ, ಅದರ ಅಗತ್ಯವೇ ಇಲ್ಲ. ಅದನ್ನು ತೆರೆಯುವ ಪ್ರೋಗ್ರಾಂ ನಿಮ್ಮ ಸಿಡಿ ಕವರಿನಲ್ಲೇ ಇದೆ.

ಬಿಕೆಎಫ್ ಅಂದರೆ ಏನು ಎಂದು ತಿಳಿದಿದ್ದರೆ ಮುಂದಿನದು ಸುಲಭ. ಅದು ವಿಂಡೋಸ್ ಎನ್‌ಟಿ, 2000, ಎಕ್ಸ್‌ಪಿಗಳ ಜೊತೆ ಬರುತ್ತಿದ್ದ ಎನ್‌ಟಿಬ್ಯಾಕಪ್ ಅನ್ನುವ ಪ್ರೋಗ್ರಾಂ ಕಟ್ಟಿದ ಗಂಟು. ಆ ಪ್ರೋಗ್ರಾಂ ಹುಟ್ಟಿದ ಕಾಲಕ್ಕೆ ಬ್ಯಾಕಪ್ ತೆಗೆಯುತ್ತಿದ್ದುದು ಟೇಪಿಗೆ, ನಮ್ಮ ಹಳೆ ಹಾಡಿನ ಕ್ಯಾಸೆಟ್ಟಿನಂಥದ್ದಕ್ಕೆ. ಹಾಗಾಗಿ ಡಿಸ್ಕಿನ ಮೇಲೆ ಬರೆದರೂ ಬರೆಯುವ ಕ್ರಮ ಟೇಪಿನದೇ. ಒಂದರ ಹಿಂದೆ ಒಂದು, ಸಾಲಾಗಿ. ಯಾವ ಫೈಲು ಎಲ್ಲಿದೆ ಎನ್ನುವ ಪಟ್ಟಿಯನ್ನು ಅದು ಬ್ಯಾಕಪ್ ತೆಗೆದ ಕಂಪ್ಯೂಟರಿನಲ್ಲಿ ಬೇರೆಯಾಗಿ ಇಟ್ಟುಕೊಳ್ಳುತ್ತಿತ್ತು. ಆ ಕಂಪ್ಯೂಟರಿನ ಡಿಸ್ಕ್ 2012ರಲ್ಲಿ ಹೋಯಿತಲ್ಲ, ಅದರ ಜೊತೆ ಪಟ್ಟಿಯೂ ಹೋಯಿತು. ಗಾಬರಿ ಬೇಡ, ಗಂಟನ್ನು ಓದಿ ಪಟ್ಟಿಯನ್ನು ಮತ್ತೆ ಮಾಡಬಹುದು. 2007ರಲ್ಲಿ ವಿಸ್ಟಾ ಬಂದಾಗ ಈ ಪ್ರೋಗ್ರಾಮನ್ನು ಕೈಬಿಟ್ಟರು. ಹೊಸ ಲ್ಯಾಪ್‌ಟಾಪಿಗೆ ಬಿಕೆಎಫ್ ಗುರುತು ಸಿಗದಿರುವುದು ಅದಕ್ಕೇ.

ಹಾಗಾದರೆ ನಿಮ್ಮ ಎಕ್ಸ್‌ಪಿಯಲ್ಲೇಕೆ ಇಲ್ಲ? ಎಕ್ಸ್‌ಪಿಯ ಪ್ರೊಫೆಷನಲ್ ಎಡಿಷನ್ನಿನಲ್ಲಿ ಅದು ತಾನಾಗಿಯೇ ಬಂದಿರುತ್ತಿತ್ತು. ಹೋಮ್ ಎಡಿಷನ್ನಿನಲ್ಲಿ ಸಿಡಿಯೊಳಗೆ ಒಂದು ಮೂಲೆಯಲ್ಲಿಟ್ಟು ಬಿಟ್ಟಿದ್ದರು. ಸಿಡಿ ಹಾಕಿ, ‘ವ್ಯಾಲ್ಯೂಆಡ್’ ಅನ್ನುವ ಫೋಲ್ಡರ್ ತೆಗೆಯಿರಿ. ಅದರೊಳಗೆ ‘ಎಂಎಸ್‌ಎಫ್‌ಟಿ’, ಅದರೊಳಗೆ ‘ಎನ್‌ಟಿಬ್ಯಾಕಪ್’. ಅಲ್ಲಿರುವ ಎಂಎಸ್‌ಐ ಫೈಲನ್ನು ಎರಡು ಸಲ ಒತ್ತಿದರೆ ಒಂದು ನಿಮಿಷದಲ್ಲಿ ಕೂತುಕೊಳ್ಳುತ್ತದೆ. ಆಮೇಲೆ ಸ್ಟಾರ್ಟ್, ಆಕ್ಸೆಸರೀಸ್, ಸಿಸ್ಟಂ ಟೂಲ್ಸ್ ಹಾದಿಯಲ್ಲಿ ಬ್ಯಾಕಪ್ ಕಾಣಿಸುತ್ತದೆ. ಸಿಡಿಯನ್ನು ಎಸೆಯದೆ ಇಟ್ಟುಕೊಂಡಿದ್ದೀರಲ್ಲ, ನಿಮಗೆ ಕೈಮುಗಿಯುತ್ತೇನೆ.

ಈ ಕೆಲಸ ನಡೆಯುವಷ್ಟು ಹೊತ್ತೂ ಹಳೆ ಕಂಪ್ಯೂಟರಿಗೆ ಇಂಟರ್ನೆಟ್ ಕೊಡಬೇಡಿ. ಎಕ್ಸ್‌ಪಿಗೆ ರಕ್ಷಣೆಯ ಅಪ್‌ಡೇಟ್ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಬೇಕಾದದ್ದೆಲ್ಲ ಪೆನ್‌ಡ್ರೈವಿನಲ್ಲಿ ಬರಲಿ. ಕರೆಂಟು ಹೋಗಿ ಬರುವ ದಿನ ಬಿಟ್ಟು ಬೇರೆ ದಿನ ಕೂರಿ. ಯುಪಿಎಸ್ ಯಾರದ್ದಾದರೂ ಸಿಕ್ಕರೆ ಒಂದು ದಿನಕ್ಕೆ ಕೇಳಿ ತನ್ನಿ.

ಈಗ ಬಿಚ್ಚುವ ಕೆಲಸ. ಬ್ಯಾಕಪ್ ತೆರೆದರೆ ಮೊದಲು ಒಂದು ವಿಝಾರ್ಡ್ ಬರುತ್ತದೆ. ಅದರಲ್ಲೇ ನೀಲಿ ಅಕ್ಷರದಲ್ಲಿ ‘ಅಡ್ವಾನ್ಸ್‌ಡ್ ಮೋಡ್’ ಎಂದಿರುತ್ತದೆ, ಅದನ್ನು ಒತ್ತಿ. ‘ರಿಸ್ಟೋರ್ ಅಂಡ್ ಮ್ಯಾನೇಜ್ ಮೀಡಿಯಾ’ ಪುಟಕ್ಕೆ ಹೋಗಿ, ಮೇಲಿನ ಟೂಲ್ಸ್ ಮೆನುವಿನಲ್ಲಿ ‘ಕ್ಯಾಟಲಾಗ್ ಎ ಬ್ಯಾಕಪ್ ಫೈಲ್’ ಆರಿಸಿ ನಿಮ್ಮ ಕಾಪಿಯನ್ನು ತೋರಿಸಿ. ನಾನು ಹೇಳಿದ ಪಟ್ಟಿ ಆಗ ಮತ್ತೆ ತಯಾರಾಗುತ್ತದೆ. 11 ಜಿಬಿಗೆ ಸ್ವಲ್ಪ ಹೊತ್ತು ಬೇಕು. ಕಂಪ್ಯೂಟರ್ ನಿಂತುಹೋಯಿತೇನೋ ಅನ್ನಿಸಬಹುದು, ಬಿಟ್ಟುಬಿಡಿ. ಒಂದು ಲೋಟ ಕಾಫಿ ಕುಡಿದು ಬನ್ನಿ.

ಎಡಗಡೆ ಸಿ, ಡಿ ಅಂತ ಹಳೆ ಡ್ರೈವುಗಳು ಮರದ ಹಾಗೆ ಬಿಚ್ಚಿಕೊಳ್ಳುತ್ತವೆ. ಅಲ್ಲಿ ‘ಸಿಸ್ಟಂ ಸ್ಟೇಟ್’ ಅನ್ನುವುದೂ ಇದ್ದೀತು. ಅದಕ್ಕೆ ಮಾತ್ರ ಗುರುತು ಹಾಕಬೇಡಿ, ದಯವಿಟ್ಟು. ಅದು ಸತ್ತುಹೋದ ಹಳೆ ವಿಂಡೋಸಿನ ಒಳಗಿನ ವ್ಯವಸ್ಥೆ. ಅದನ್ನು ತಂದು ಈಗಿನ ವಿಂಡೋಸಿನ ಮೇಲೆ ಹೊದೆಸಿದರೆ ಇದೂ ಏಳುವುದಿಲ್ಲ. ನಿಮಗೆ ಬೇಕಾದ್ದು ಮೇಷ್ಟ್ರ ಫೈಲುಗಳು ಮಾತ್ರ.

ಕೆಳಗೆ ‘ಎಲ್ಲಿಗೆ’ ಎಂದು ಕೇಳುವ ಕಡೆ ‘ಆಲ್ಟರ್ನೇಟ್ ಲೊಕೇಷನ್’ ಆರಿಸಿ, ಡಿ ಡ್ರೈವಿನಲ್ಲಿ ಹೊಸ ಫೋಲ್ಡರ್ ಒಂದನ್ನು ತೋರಿಸಿ. ‘ಒರಿಜಿನಲ್ ಲೊಕೇಷನ್’ ಬೇಡ. 2012ರ ನಂತರ ಅವರು ಅದೇ ಹೆಸರಿನಲ್ಲಿ ಏನಾದರೂ ಬರೆದಿಟ್ಟಿದ್ದರೆ ಅದರ ಮೇಲೆ ಕೂರುವ ಅಪಾಯವಿದೆ. ಸ್ಟಾರ್ಟ್ ರಿಸ್ಟೋರ್ ಒತ್ತಿದಾಗ ಒಂದು ಸಣ್ಣ ಕಿಟಕಿ ಬರುತ್ತದೆ. ಅದರಲ್ಲಿ ಅಡ್ವಾನ್ಸ್‌ಡ್ ಒತ್ತಿ ‘ರಿಸ್ಟೋರ್ ಸೆಕ್ಯುರಿಟಿ’ ಮುಂದಿನ ಗುರುತು ತೆಗೆದುಬಿಡಿ. ಯಾಕೆ ಅನ್ನುವುದು ಕೆಳಗೆ ಕಾರ್ಕಳದವರಿಗೆ ಕೊಟ್ಟ ಉತ್ತರದಲ್ಲಿದೆ.

ಎಲ್ಲವನ್ನೂ ಒಂದೇ ಸಲ ತೆಗೆಯಬೇಡಿ. ಬರಹದ ಫೈಲುಗಳು ಎಷ್ಟಿದ್ದರೂ ಕೆಲವು ಎಂಬಿ ಮೀರಲಿಕ್ಕಿಲ್ಲ. 11 ಜಿಬಿ ತುಂಬಿದೆ ಅಂದರೆ ಅದು ಧ್ವನಿಯೇ ಇರಬೇಕು. ವೇವ್ ಫೈಲಾಗಿ ಸಿಡಿಯ ಗುಣಮಟ್ಟದಲ್ಲಿ ಇಟ್ಟಿದ್ದರೆ ನಿಮಿಷಕ್ಕೆ 10 ಎಂಬಿ ಚಿಲ್ಲರೆ ಹಿಡಿಯುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಬೀರುವಿನಲ್ಲಿ ಸುಮಾರು 17 ಗಂಟೆ ಹಾಡು ಇದ್ದೀತು, ಅಮ್ಮಾ. ನಡುವೆ ಮೇಷ್ಟ್ರ ದನಿಯೂ ಇರಬಹುದು. ಊರು ಯಾವುದು, ಹಾಡಿದವರು ಯಾರು ಎಂದು ಕೇಳುವವರು ಅವರೇ ತಾನೆ.

ಮೊದಲು ಬರಹದ ಫೋಲ್ಡರಿಗೆ ಮಾತ್ರ ಗುರುತು ಹಾಕಿ ತೆಗೆಯಿರಿ. ಅದು ಬಂದ ಮೇಲೆ ಪೆನ್‌ಡ್ರೈವಿಗೆ ಹಾಕಿ ಲ್ಯಾಪ್‌ಟಾಪಿಗೆ ಸೇರಿಸಿ. ಆಮೇಲೆ ಧ್ವನಿಯನ್ನು ವರ್ಷ ವರ್ಷವಾಗಿ. ಪ್ರತಿ ಸಲವೂ ಕೊನೆಯಲ್ಲಿ ‘ರಿಪೋರ್ಟ್’ ಬಟನ್ ಒತ್ತಿ ನೋಡಿ, ಬಿಟ್ಟುಹೋದ ಫೈಲುಗಳ ಹೆಸರು ಅಲ್ಲಿರುತ್ತದೆ. ನಡುವೆ ಎಲ್ಲೋ ಓದಲಾಗುತ್ತಿಲ್ಲ ಎಂದು ನಿಂತರೆ ಕೈಚೆಲ್ಲಬೇಡಿ. ಟೇಪಿನ ಕ್ರಮದಲ್ಲಿ ಬರೆದದ್ದರಿಂದ ನಡುವೆ ಒಂದು ಕಡೆ ಕೆಟ್ಟರೂ ಅದರ ಹಿಂದುಮುಂದಿನದು ಉಳಿದಿರುವ ಸಾಧ್ಯತೆ ಇದೆ. ಲಿನಕ್ಸ್ ಗೊತ್ತಿರುವವರ ಬಳಿ ‘ಎಂಟಿಎಫ್‌ಟಾರ್’ ಅನ್ನುವ ಉಚಿತ ಸಾಧನದ ಹೆಸರು ಹೇಳಿ. ಬಿಕೆಎಫ್ ಗಂಟನ್ನು ವಿಂಡೋಸಿನ ಸಹಾಯವಿಲ್ಲದೆ ಬಿಚ್ಚಲಿಕ್ಕೆಂದೇ ಬರೆದದ್ದು ಅದು.

ಇನ್ನೊಂದು ಗಂಡಾಂತರವಿದೆ, ಅದನ್ನು ಈಗಲೇ ಹೇಳದಿದ್ದರೆ ನೀವು ಕಣ್ಣೀರು ಹಾಕುತ್ತೀರಿ. ಫೈಲನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಕನ್ನಡ ಇರುವುದಿಲ್ಲ. ‘ಕನ್ನಡ’ ಎಂದು ಬರೆದಿದ್ದ ಕಡೆ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ಎ, ಆಮೇಲೆ ಪೌಂಡ್ ದುಡ್ಡಿನ ಗುರುತು, ಹೀಗೆ ಏನೇನೋ ಕಾಣುತ್ತದೆ. ಫೈಲ್ ಕೆಟ್ಟಿಲ್ಲ! ಆ ಕಾಲದ ನುಡಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಈ ಕಲಸುಮೇಲೋಗರ. ನನ್ನ ಅಂಗಡಿಗೆ ಬಂದ ಎಷ್ಟೋ ಜನ ಇದನ್ನು ವೈರಸ್ ಎಂದು ತಿಳಿದು ಫೈಲ್ ಅಳಿಸಿಯೇ ಬಂದಿದ್ದರು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವನ್ನು ಹಾಕಿಸಿಕೊಂಡರೆ, ಅಥವಾ ಹಳೆ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿನಿಂದ ‘ನುಡಿ’ ಎಂದು ಶುರುವಾಗುವ ಫಾಂಟುಗಳನ್ನು ತಂದು ಹಾಕಿದರೆ, ಅಕ್ಷರಗಳು ಎದ್ದು ಬರುತ್ತವೆ.

ಆಮೇಲೆ ನಿಧಾನವಾಗಿ ಯೂನಿಕೋಡಿಗೆ ಬದಲಾಯಿಸಿದ ಇನ್ನೊಂದು ಕಾಪಿ ಮಾಡಿಸಿ. ಹಾಗಿದ್ದರೆ ಮೊಬೈಲಿನಲ್ಲೂ ಓದಬಹುದು. ಬದಲಾಯಿಸುವ ಉಚಿತ ಸಾಧನಗಳಿವೆ. ಆದರೆ ಅರ್ಕಾವೊತ್ತಿನ ಮೇಲೆ ಕಣ್ಣಿಡಿ. ಹಳೆ ನುಡಿಯಲ್ಲಿ ‘ಸೂರ್ಯ’ ಬರೆದರೆ ಅರ್ಕಾವೊತ್ತಿನ ಗುರುತು ಯಕಾರದ ನಂತರ ಕೂರುತ್ತದೆ, ನಾವು ಕೈಯಲ್ಲಿ ಬರೆಯುವ ಹಾಗೆ. ಯೂನಿಕೋಡಿನಲ್ಲಿ ರಕಾರ ಮೊದಲೇ ಬರಬೇಕು. ಸಾಧನ ಅಲ್ಲಿ ಎಡವಬಹುದು. ಆಡುಮಾತಿನ ಪದಗಳಿರುವ ಹಾಡು ಅದು, ತಪ್ಪು ಯಾವುದು, ಹಾಡಿದವರ ಉಚ್ಚಾರ ಯಾವುದು ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ನೀವೇ ಓದಬೇಕು. ಧ್ವನಿ ಕೇಳುತ್ತಾ ಓದಿ. ಬದಲಾಯಿಸಿದ ಮೇಲೂ ನುಡಿಯ ಮೂಲ ಫೈಲುಗಳನ್ನು ಅಳಿಸಬೇಡಿ, ಫಾಂಟುಗಳನ್ನು ಅದೇ ಫೋಲ್ಡರಿನಲ್ಲಿಟ್ಟಿರಿ.

ಹಳೆ ಕಂಪ್ಯೂಟರ್ ನಡುವೆ ಹೊತ್ತಿಕೊಳ್ಳದೆ ಹೋದರೆ, ಕರೆಂಟು ಪ್ಲಗ್ ತೆಗೆದು, ರ್‍ಯಾಮ್ ಕಡ್ಡಿಯನ್ನು ಬಿಡಿಸಿ ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ ಮತ್ತೆ ಕೂರಿಸಲಿ. ಮಲೆನಾಡಿನ ಮಳೆಗಾಲಕ್ಕೆ ಇದು ಮೊದಲ ಮದ್ದು. ಅದಕ್ಕೂ ಏಳದಿದ್ದರೆ ನಿಮ್ಮದೇ ಸಿಡಿ ಬಳಸಿ ಲ್ಯಾಪ್‌ಟಾಪಿನೊಳಗೆ ವರ್ಚುವಲ್‌ಬಾಕ್ಸ್ ಎನ್ನುವ ಉಚಿತ ಪ್ರೋಗ್ರಾಮಿನಲ್ಲಿ ಎಕ್ಸ್‌ಪಿಯನ್ನು ಕೂರಿಸಬಹುದು. ಸಾಗರದಿಂದ ಶಿವಮೊಗ್ಗ ದೂರವೇನಲ್ಲ. ಪತ್ರಿಕೆಯವರ ಮೂಲಕ ತಿಳಿಸಿದರೆ ನಾನೇ ಕೂತು ಮಾಡಿಕೊಡುತ್ತೇನೆ.

ಪ್ರಶ್ನೆ: ಹಳೆಯ ಎಕ್ಸ್‌ಪಿ ಪ್ರೊಫೆಷನಲ್ ಕಂಪ್ಯೂಟರಿನ ಬಿಕೆಎಫ್ ಫೈಲನ್ನು ಸ್ನೇಹಿತರು ಬಿಚ್ಚಿಕೊಟ್ಟರು. ಹೆಸರುಗಳೆಲ್ಲ ಇವೆ, ಗಾತ್ರವೂ ಸರಿ ಇದೆ. ತೆರೆಯಲು ಹೋದರೆ ಕೆಲವು ಫೋಲ್ಡರುಗಳು ‘ಆಕ್ಸೆಸ್ ಡಿನೈಡ್’ ಅನ್ನುತ್ತವೆ. ನನ್ನದೇ ಫೈಲಿಗೆ ನನಗೇ ಪ್ರವೇಶವಿಲ್ಲವೆ?
— ಓದುಗರೊಬ್ಬರು, ಕಾರ್ಕಳ

ಉತ್ತರ: ಇದಕ್ಕೆ ಎರಡು ಕಾರಣ ಇರಬಹುದು, ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ವಿಂಡೋಸ್ ನಿಮ್ಮನ್ನು ಹೆಸರಿನಿಂದ ಗುರುತಿಸುವುದಿಲ್ಲ, ಒಂದು ಉದ್ದದ ಸಂಖ್ಯೆಯಿಂದ ಗುರುತಿಸುತ್ತದೆ. ವಿಂಡೋಸ್ ಹೊಸದಾಗಿ ಹಾಕಿದರೆ ಅದೇ ಹೆಸರಿಟ್ಟರೂ ಸಂಖ್ಯೆ ಬೇರೆ. ಬ್ಯಾಕಪ್ಪಿನ ಜೊತೆ ಹಳೆ ಅನುಮತಿಗಳೂ ಬಂದಿದ್ದರೆ ಫೋಲ್ಡರ್ ಆ ಹಳೆ ಸಂಖ್ಯೆಯವರನ್ನೇ ಕಾಯುತ್ತಾ ಕೂರುತ್ತದೆ. ಸಾಗರದವರಿಗೆ ‘ರಿಸ್ಟೋರ್ ಸೆಕ್ಯುರಿಟಿ’ ಬೇಡ ಎಂದದ್ದು ಇದಕ್ಕೇ. ಪರಿಹಾರ ಸುಲಭ: ಅಡ್ಮಿನಿಸ್ಟ್ರೇಟರ್ ಆಗಿ ಒಳಬಂದು, ಫೋಲ್ಡರಿನ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್‌ಡ್, ಓನರ್ ಹಾದಿಯಲ್ಲಿ ಒಡೆತನವನ್ನು ನಿಮ್ಮ ಹೆಸರಿಗೆ ಮಾಡಿಕೊಂಡು, ಒಳಗಿನ ಎಲ್ಲಕ್ಕೂ ಅನ್ವಯಿಸಿ. ಆಮೇಲೆ ನಿಮಗೆ ಪೂರ್ಣ ಅನುಮತಿ ಕೊಟ್ಟುಕೊಳ್ಳಿ.

ಎರಡನೆಯದು ಕಠಿಣ. ಆ ಫೈಲಿನ ಪ್ರಾಪರ್ಟೀಸಿನಲ್ಲಿ ಅಡ್ವಾನ್ಸ್‌ಡ್ ಒತ್ತಿ, ‘ಎನ್‌ಕ್ರಿಪ್ಟ್’ ಎಂಬ ಸಾಲಿನ ಮುಂದೆ ಗುರುತಿದೆಯೇ ನೋಡಿ. ಎಕ್ಸ್‌ಪಿಯಲ್ಲಿ ಅಂಥ ಫೈಲಿನ ಹೆಸರು ಹಸಿರು ಅಕ್ಷರದಲ್ಲಿ ಕಾಣುತ್ತಿತ್ತು. ಗುರುತಿದ್ದರೆ ಒಡೆತನ ಬದಲಾಯಿಸಿ ಪ್ರಯೋಜನವಿಲ್ಲ. ಎನ್‌ಟಿಬ್ಯಾಕಪ್ ಆ ಫೈಲುಗಳನ್ನು ಬೀಗ ಹಾಕಿದ ಹಾಗೇ ಗಂಟು ಕಟ್ಟುತ್ತದೆ. ಬೀಗದಕೈ ಹಳೆ ಕಂಪ್ಯೂಟರಿನ ನಿಮ್ಮ ಖಾತೆಯೊಳಗೆ ಇರುತ್ತಿತ್ತು.

2007ರಲ್ಲಿ ನಾನು ಈ ತಪ್ಪನ್ನು ಮಾಡಿದ್ದೇನೆ. ಒಬ್ಬ ಹಿರಿಯರು ಕಂಪ್ಯೂಟರ್ ನಿಧಾನವಾಗಿದೆ ಎಂದು ಅಂಗಡಿಗೆ ತಂದರು. ಬ್ಯಾಕಪ್ ತೆಗೆದೆ, ಗಂಟು ಸರಿಯಾಗಿದೆಯೆಂದು ಪರೀಕ್ಷಿಸಿಯೂ ನೋಡಿದೆ, ಫಾರ್ಮ್ಯಾಟ್ ಹೊಡೆದು ಹೊಸದಾಗಿ ಎಕ್ಸ್‌ಪಿ ಹಾಕಿದೆ. ಫೈಲುಗಳನ್ನು ವಾಪಸ್ ತಂದಾಗ ಒಂದು ಫೋಲ್ಡರ್ ಪೂರ್ತಿ ಹಸಿರು. ಒಂದೂ ತೆರೆಯಲಿಲ್ಲ. ಬೀಗದಕೈಯನ್ನು ನನ್ನ ಕೈಯಾರೆ ಅಳಿಸಿದ್ದೆ. ಅವರು ಬೈಯಲಿಲ್ಲ, ಅಂಗಡಿಯ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದರು. ಅವತ್ತಿನಿಂದ ಫಾರ್ಮ್ಯಾಟ್ ಹೊಡೆಯುವ ಮುನ್ನ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ಬಿಚ್ಚಿ, ಮೂರು ನಾಲ್ಕು ಫೈಲ್ ತೆರೆದು ಓದಿ ನೋಡದೆ ಮುಂದುವರಿದಿಲ್ಲ.

ಆದ್ದರಿಂದ ನಿಮ್ಮಲ್ಲಿ ಕೇಳುವುದಿಷ್ಟೆ. ಹಳೆ ಕಂಪ್ಯೂಟರಿನ ಡಿಸ್ಕ್ ಇನ್ನೂ ಇದೆಯೇ? ಇದ್ದರೆ ಅದನ್ನು ಯಾರಿಗೂ ಕೊಡಬೇಡಿ, ಫಾರ್ಮ್ಯಾಟ್ ಹೊಡೆಸಬೇಡಿ. ಹಳೆ ಪಾಸ್‌ವರ್ಡ್ ನೆನಪಿದ್ದರೆ ಬೀಗದಕೈ ಅಲ್ಲಿಂದ ಸಿಗುವ ಆಸೆಯಿದೆ. ‘ಪಿಎಫ್‌ಎಕ್ಸ್’ ಎಂದು ಕೊನೆಯಾಗುವ ಫೈಲನ್ನು ಹಳೆ ಸಿಡಿ, ಪೆನ್‌ಡ್ರೈವುಗಳಲ್ಲಿ ಹುಡುಕಿ. ಬೀಗದಕೈಯ ನಕಲು ತೆಗೆದಿಟ್ಟಿದ್ದರೆ ಅದು ಆ ರೂಪದಲ್ಲಿರುತ್ತದೆ. ಕಂಪ್ಯೂಟರ್ ಆಫೀಸಿನ ಡೊಮೈನಿಗೆ ಸೇರಿದ್ದಾಗಿದ್ದರೆ ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಿ, ಇಂಥ ಹೊತ್ತಿಗೆಂದು ಅವರ ಬಳಿ ಇನ್ನೊಂದು ಕೈ ಇರಬಹುದು. ಈ ಮೂರೂ ಇಲ್ಲದಿದ್ದರೆ ನನ್ನಿಂದ ದಾರಿಯಿಲ್ಲ. ತೆಗೆದುಕೊಡುತ್ತೇವೆ ಎಂದು ದುಡ್ಡು ಕೇಳುವವರನ್ನು ನಂಬಬೇಡಿ.

ಪ್ರಶ್ನೆ: ವರ್ಕ್‌ಶಾಪಿನ ಒಂದು ಮಷೀನಿಗೆ ಜೋಡಿಸಿದ ಕಂಪ್ಯೂಟರ್ ಇನ್ನೂ ಎಕ್ಸ್‌ಪಿ. ಹೊಸ 64 ಜಿಬಿ ಪೆನ್‌ಡ್ರೈವ್ ಹಾಕಿದರೆ ಫಾರ್ಮ್ಯಾಟ್ ಮಾಡಲೇ ಎನ್ನುತ್ತದೆ. 4 ಟಿಬಿ ಡಿಸ್ಕ್ ಅಂತೂ ಕಾಣುವುದೇ ಇಲ್ಲ. ಬ್ಯಾಕಪ್ ವಾಪಸ್ ಹಾಕುವುದು ಹೇಗೆ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಫಾರ್ಮ್ಯಾಟ್‌ಗೆ ‘ಬೇಡ’ ಅನ್ನಿರಿ ಸರ್, ಒಳಗಿರೋದು ಅಳಿಸಿ ಹೋಗುತ್ತೆ. 32 ಜಿಬಿಗಿಂತ ದೊಡ್ಡ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ಬರುತ್ತವೆ. ಬರಿಯ ಎಕ್ಸ್‌ಪಿಗೆ ಅದು ಗೊತ್ತಿಲ್ಲ. 2009ರಲ್ಲಿ ಅದಕ್ಕೊಂದು ಅಪ್‌ಡೇಟ್ ಬಂದಿತ್ತು, ಕೆಬಿ955704 ಎಂದು. ಅದನ್ನು ಹುಡುಕುವ ಬದಲು ಹೊಸ ಕಂಪ್ಯೂಟರಿನಲ್ಲಿ ಪೆನ್‌ಡ್ರೈವನ್ನು ಎನ್‌ಟಿಎಫ್‌ಎಸ್ ಮಾಡಿಕೊಂಡು ಬನ್ನಿ. 2 ಟಿಬಿ ಮೀರಿದ ಡಿಸ್ಕುಗಳು ಹೆಚ್ಚಾಗಿ ಜಿಪಿಟಿ ಎನ್ನುವ ವಿಭಾಗ ಪದ್ಧತಿಯವು. 32 ಬಿಟ್ ಎಕ್ಸ್‌ಪಿ ಅದನ್ನು ಓದುವುದಿಲ್ಲ. ಚಿಕ್ಕ ಹಳೆ ಡಿಸ್ಕೊಂದನ್ನು ಈ ಮಷೀನಿಗೆಂದೇ ಮೀಸಲಿಡಿ.

ಪ್ರಶ್ನೆ: ವಿಂಡೋಸ್ 7ರಲ್ಲಿ ತೆಗೆದ ಬ್ಯಾಕಪ್ ಇದೆ. ಆ ಕಂಪ್ಯೂಟರ್ ಈಗಿಲ್ಲ, ನನ್ನದು ವಿಂಡೋಸ್ 11. ಮೊಮ್ಮಗಳ ನಾಮಕರಣದ ಫೋಟೊಗಳು ಅದರಲ್ಲಿವೆ.
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮದು ಸಾಗರದವರಷ್ಟು ಕಷ್ಟವಲ್ಲ. ವಿಂಡೋಸ್ 11ರ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ‘ಬ್ಯಾಕಪ್ ಅಂಡ್ ರಿಸ್ಟೋರ್ (ವಿಂಡೋಸ್ 7)’ ಎಂದೇ ಒಂದು ಇನ್ನೂ ಉಳಿದಿದೆ. ಡಿಸ್ಕ್ ಸಿಕ್ಕಿಸಿ, ‘ಬೇರೆ ಬ್ಯಾಕಪ್ಪಿನಿಂದ ಫೈಲ್ ತೆಗೆಯಿರಿ’ ಎನ್ನುವ ಅರ್ಥದ ಸಾಲನ್ನು ಅಲ್ಲಿ ಒತ್ತಿ, ಹೊಸ ಫೋಲ್ಡರಿಗೆ ತೆಗೆಯಿರಿ.

ಅದು ಒಪ್ಪದಿದ್ದರೆ ಡಿಸ್ಕಿನಲ್ಲಿ ಹಳೆ ಕಂಪ್ಯೂಟರಿನ ಹೆಸರಿನ ಫೋಲ್ಡರ್ ಇರುತ್ತದೆ. ಅದನ್ನು ಮೊದಲು ಪೂರ್ತಿ ಕಾಪಿ ಮಾಡಿಟ್ಟುಕೊಳ್ಳಿ. ಆ ಕಾಪಿಯ ಒಳಗೆ ತಾರೀಕಿನ ಪ್ರಕಾರ ಫೋಲ್ಡರುಗಳು, ಅವುಗಳೊಳಗೆ ಸಾಲಾಗಿ ಝಿಪ್ ಫೈಲುಗಳು. ಫೋಟೊಗಳು ಆ ಝಿಪ್ಪುಗಳಲ್ಲೇ ಇವೆ, ಯಾವ ಪ್ರೋಗ್ರಾಮೂ ಇಲ್ಲದೆ ತೆರೆಯಬಹುದು. ನಾಮಕರಣದ ತಾರೀಕು ನಿಮಗೆ ನೆನಪಿದ್ದೇ ಇರುತ್ತದೆ. ಅದರ ನಂತರದ ಮೊದಲ ತಾರೀಕಿನ ಫೋಲ್ಡರಿನಿಂದ ಶುರುಮಾಡಿ, ಏನು ಕಂಡಿತೆಂದು ಬರೆಯಿರಿ.